200 ಅಂಕ ಹೆಚ್ಚೋ ಕಡಿಮೆಯೋ? – ಶೇಕಡಾ ಪಾಠದ ಒಂದು ಅನುಭವ

ಎಂಟನೇ ತರಗತಿಯ ಶೇಕಡಾ ಪಾಠದ ಪೀಠಿಕೆಗೆ ಅಮೆರಿಕದ ಟಿ.ವಿ. ಕ್ವಿಜ್ ‘ಜೆಪರ್ಡಿ’ಯನ್ನು ಆರಿಸಿಕೊಂಡೆ. 2020ರ ಜನವರಿಯಲ್ಲಿ ಅದರ ಮೂವರು ಚಾಂಪಿಯನ್ನರು ಸೆಣಸಿದರು. ಮೊದಲ ಪಂದ್ಯದಲ್ಲಿ ಕೆನ್ ಜೆನ್ನಿಂಗ್ಸ್ 63,400, ಜೇಮ್ಸ್ ಹೋಲ್ಜ್‌ಹೌರ್ 63,200, ಬ್ರಾಡ್ ರಟ್ಟರ್ 10,400 ಅಂಕ ಗಳಿಸಿದರು.

“ಮೊದಲಿಬ್ಬರ ಅಂತರ ಹೆಚ್ಚೋ ಕಡಿಮೆಯೋ?” ಎಂದು ಕೇಳಿದೆ.

“ಹೆಚ್ಚೇ ಮಿಸ್. ನನಗೆ 25ರ ಟೆಸ್ಟಲ್ಲಿ 2 ಅಂಕಕ್ಕೇ ಫಸ್ಟ್ ತಪ್ಪಿತು” ಎಂದಳು ಒಬ್ಬಳು. “ತಪ್ಪು” ಎಂದುಬಿಟ್ಟೆ. ಆಮೇಲೆ ಅವಳು ಕೈ ಎತ್ತಲೇ ಇಲ್ಲ.

ಯೋಚಿಸಿದರೆ, ತಪ್ಪು ನನ್ನ ಪ್ರಶ್ನೆಯಲ್ಲೇ ಇತ್ತು. ಯಾವುದಕ್ಕೆ ಹೋಲಿಸಬೇಕೆಂದು ನಾನು ಹೇಳಿರಲಿಲ್ಲ. ಮರುದಿನ ಅವಳ ಮಾತಿನಿಂದಲೇ ಪಾಠ ಆರಂಭಿಸಿದೆ. 25ಕ್ಕೆ 2 ಎಂದರೆ ಶೇ. 8. 63,400ಕ್ಕೆ 200 ಎಂದರೆ? ಕಪ್ಪುಹಲಗೆಗೆ ಬಂದು ಅವಳೇ ಬಿಡಿಸಿದಳು: ಸುಮಾರು ಶೇ. 0.32.