ರೇಚಲ್ ಕೋರಿ: ರಫಾದಲ್ಲಿ ಮಡಿದ ಶಾಂತಿ ಕಾರ್ಯಕರ್ತೆ

• ಜನನ: 10 ಏಪ್ರಿಲ್ 1979, ಒಲಿಂಪಿಯಾ, ವಾಷಿಂಗ್ಟನ್ ರಾಜ್ಯ, ಅಮೆರಿಕ.

• ಸಂಘಟನೆ: ಇಂಟರ್‌ನ್ಯಾಷನಲ್ ಸಾಲಿಡಾರಿಟಿ ಮೂವ್‌ಮೆಂಟ್.

• ಘಟನೆ: ಎರಡನೇ ಇಂತಿಫಾದ (ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ) ಕಾಲ. 2003ರ ಮಾರ್ಚ್ 16ರಂದು ಗಾಜಾ ಪಟ್ಟಿಯ ರಫಾದಲ್ಲಿ ಪ್ಯಾಲೆಸ್ಟೀನಿಯರ ಮನೆ ಉಳಿಸಲು ಇಸ್ರೇಲ್ ಸೇನೆಯ ಬುಲ್ಡೋಜರ್‌ಗೆ ಬರಿಗೈಯಲ್ಲಿ ಅಡ್ಡ ನಿಂತು ಪ್ರಾಣ ತೆತ್ತರು. ಆಗ ವಯಸ್ಸು ಕೇವಲ 23.

• ವಿವಾದ: ಚಾಲಕನಿಗೆ ಆಕೆ ಕಾಣಲಿಲ್ಲ ಎಂದಿತು ಸೇನೆ, ಸ್ಪಷ್ಟವಾಗಿ ಕಾಣುತ್ತಿದ್ದರು ಎಂದರು ಜೊತೆಗಿದ್ದ ಕಾರ್ಯಕರ್ತರು.

• ತೀರ್ಪು: ಹೆತ್ತವರು ಹೂಡಿದ ದಾವೆಯನ್ನು ಹೈಫಾ ಜಿಲ್ಲಾ ನ್ಯಾಯಾಲಯ 2012ರಲ್ಲಿ ವಜಾ ಮಾಡಿತು, 2015ರಲ್ಲಿ ಇಸ್ರೇಲ್ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.

• ಸ್ಮರಣೆ: ಆಕೆಯ ಬರಹಗಳನ್ನು ಆಧರಿಸಿದ ‘ಮೈ ನೇಮ್ ಈಸ್ ರೇಚಲ್ ಕೋರಿ’ ನಾಟಕ (ಲಂಡನ್, 2005), 2010ರಲ್ಲಿ ಗಾಜಾಕ್ಕೆ ನೆರವು ಹೊತ್ತು ಹೊರಟ ಹಡಗಿಗೂ ಆಕೆಯದೇ ಹೆಸರು.

ನೆನಪಿಡಿ: ಇಸವಿಗಳ ಜೊತೆಗೆ ಆಕೆಯ ಧೈರ್ಯವನ್ನೂ ಮನದಲ್ಲಿಡಿ.