ಮೈಕ್ರೊಫೈನಾನ್ಸ್ ಷೇರು ಕೊಳ್ಳುವ ಮುನ್ನ

2010ರ ಆಗಸ್ಟ್‌ನಲ್ಲಿ ಹೈದರಾಬಾದಿನ ಎಸ್‌ಕೆಎಸ್ ಮೈಕ್ರೊಫೈನಾನ್ಸ್ ಷೇರುಪೇಟೆಗೆ ಬಂದಾಗ ವಿತರಣೆ ಬೆಲೆ 985 ರೂಪಾಯಿ. ಜನ ಮುಗಿಬಿದ್ದರು. ಅಕ್ಟೋಬರ್‌ನಲ್ಲಿ ಕಂಪನಿಯ ಸಿಇಒ ತಮ್ಮ ಹುದ್ದೆ ಕಳೆದುಕೊಂಡರು. ಅದೇ ತಿಂಗಳು ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದು ಸಾಲ ವಸೂಲಿಗೆ ಕಡಿವಾಣ ಹಾಕಿತು. 2012ರಲ್ಲಿ ಅದೇ ಷೇರು ನೂರು ರೂಪಾಯಿಗೂ ಕೆಳಗಿಳಿಯಿತು.

ಮೈಕ್ರೊಫೈನಾನ್ಸ್ ಕಂಪನಿಗಳು ಕೊಡುವ ಕಿರುಸಾಲಕ್ಕೆ ಚಿನ್ನದ ಅಡವಿಲ್ಲ, ಜಮೀನಿನ ಪತ್ರವೂ ಇಲ್ಲ. ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಕೂತ ಹೆಂಗಸರು ಎಣಿಸಿಕೊಡುವ ಕಂತೇ ಕಂಪನಿಯ ಬಂಡವಾಳ. ಆದ್ದರಿಂದ ಹಣ ಹಾಕುವವರು ಲಾಭದ ಅಂಕಿಗಿಂತ ಮೊದಲು ಚುಕ್ಕಾಣಿ ಹಿಡಿದವರನ್ನು ನೋಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಉಜ್ಜೀವನ್ ಎಂಬ ಮೈಕ್ರೊಫೈನಾನ್ಸ್ ಕಂಪನಿ ಕಟ್ಟಿದ ಸಮಿತ್ ಘೋಷ್ ಅದಕ್ಕೂ ಮೊದಲೇ ಬ್ಯಾಂಕಿಂಗ್‌ನಲ್ಲಿ ಪಳಗಿದವರು. 1999ರಲ್ಲಿ ಗ್ರಾಮೀಣ ಕೂಟವಾಗಿ ಶುರುವಾದ ಕ್ರೆಡಿಟ್ ಆ್ಯಕ್ಸೆಸ್ ಗ್ರಾಮೀಣ್ ಷೇರುಪೇಟೆಗೆ ಬಂದದ್ದು 2018ರಲ್ಲಿ. ಹಳ್ಳಿಯ ಅನುಭವಕ್ಕೆ ಅಡ್ಡದಾರಿಯಿಲ್ಲ.

ಅನುಭವವೊಂದೇ ಸಾಲದು, ಅನ್ನಿ. ವಾರ್ಷಿಕ ವರದಿಯಲ್ಲಿ 30 ದಿನ ಮೀರಿದ ಬಾಕಿಯ ಜೊತೆಗೆ ರೈಟ್‌ಆಫ್ ಮಾಡಿದ ಮೊತ್ತವನ್ನೂ ಕೂಡಿಸಿ ಓದಬೇಕು; ಕೈಬಿಟ್ಟ ಸಾಲ ಬಾಕಿಯ ಪಟ್ಟಿಯಲ್ಲಿ ಕಾಣಿಸದು. ಸಾಲವೆಲ್ಲ ಒಂದೇ ರಾಜ್ಯದಲ್ಲಿದೆಯೇ ಎಂದೂ ನೋಡಬೇಕು; ಆಗ ಆ ಒಂದು ಸರ್ಕಾರದ ಆದೇಶವೇ ವಸೂಲಿಗೆ ಪೆಟ್ಟು ಕೊಡಬಹುದು. 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತಂದಿತು. ಅಂಥ ಹೊತ್ತಿನಲ್ಲಿ ಕಂಪನಿಯ ಆಡಳಿತ ಮಂಡಳಿ ಏನು ಮಾಡಿತೆಂದು ಹೂಡಿಕೆದಾರರ ಸಭೆಯ ನಡಾವಳಿಯಲ್ಲಿ ಹುಡುಕಬಹುದು.