ಅಡಿಗೆಯ ಪಾತ್ರೆ ಆರಿಸುವ ಬಗೆ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ, ನೊಗ ಹೂಡಿಸಿ ನೋಡುತ್ತಾನೆ. ಬೀಜ ಕೊಳ್ಳುವವನು ಮೊಳಕೆ ಬರುವುದೋ ಇಲ್ಲವೋ ಎಂದು ವಿಚಾರಿಸುತ್ತಾನೆ. ಆದರೆ ಮನೆಮಂದಿಯೆಲ್ಲ ದಿನವೂ ಉಣ್ಣುವ ಅಡಿಗೆಯ ಪಾತ್ರೆ ಕೊಳ್ಳುವಾಗ ಹೊಳಪು ನೋಡಿ, ಬೆಲೆ ಕೇಳಿ, ಚೀಲಕ್ಕೆ ಹಾಕಿಕೊಂಡು ಬರುವುದೇ ಹೆಚ್ಚು. ಸಂತೆಯಲ್ಲಿ ಕೊಳ್ಳುವವರು ಒಬ್ಬರು, ಮನೆಯಲ್ಲಿ ತಿಕ್ಕುವವರು ಇನ್ನೊಬ್ಬರು. ತಪ್ಪು ಪಾತ್ರೆಯ ಕಷ್ಟ ಕೊಂಡವರಿಗೆ ಗೊತ್ತಾಗುವುದಿಲ್ಲ. ತಿಕ್ಕುವ ಕೈಗೆ ಗೊತ್ತಾಗುತ್ತದೆ.

ಇದು ಸಣ್ಣ ಮಾತಲ್ಲ. ಅಮರ್ಜಾ ಮತ್ತು ಭೀಮಾ ನದಿಗಳು ಹರಿಯುವ ನಾಡಾದರೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೇಸಿಗೆ ಬಂದರೆ ನೀರಿಗಾಗಿ ಕೊಡ ಹೊರುವ ಊರುಗಳಿವೆ. ತಳ ಹತ್ತುವ ಪಾತ್ರೆಯೊಂದು ತೊಳೆಯಲಿಕ್ಕೆ ಹೆಚ್ಚು ನೀರು ಕೇಳುತ್ತದೆ. ಆ ನೀರನ್ನು ಹೊತ್ತು ತರುವವರು ಮನೆಯ ಹೆಣ್ಣುಮಕ್ಕಳೇ. ಇನ್ನು ಕೆಲವು ಪಾತ್ರೆಗಳು ಅಡಿಗೆಯೊಳಗೆ ವಿಷವನ್ನೇ ಇಳಿಸುತ್ತವೆ. ಆದ್ದರಿಂದ ಪಾತ್ರೆ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಇದರಲ್ಲಿ ಏನು ಬೇಯುತ್ತದೆ? ಯಾವ ಒಲೆಯ ಮೇಲೆ ಇಡುತ್ತೇವೆ? ಯಾರು, ಎಷ್ಟು ನೀರಿನಲ್ಲಿ ತೊಳೆಯುತ್ತಾರೆ?

ಮೊದಲು ಅಡಿಗೆ ನೋಡಿ

ನಮ್ಮ ಭಾಗದ ನಿತ್ಯದ ಊಟ ಜೋಳದ ರೊಟ್ಟಿ, ತೊಗರಿ ಬೇಳೆ, ಪಲ್ಯ, ಅನ್ನ, ಮಜ್ಜಿಗೆ. ರೊಟ್ಟಿಗೆ ಬಿಸಿ ಹಿಡಿದು ನಿಲ್ಲುವ ಹಂಚು ಬೇಕು. ಬೇಳೆಗೆ ಬೇಗ ಬೇಯಿಸುವ ಪಾತ್ರೆ ಬೇಕು. ಪುಂಡಿಪಲ್ಯ, ಹುಣಸೆಹುಳಿ ಹಾಕಿದ ಸಾರು, ಮಜ್ಜಿಗೆ ಸಾರು, ಟೊಮೆಟೊ ಇವೆಲ್ಲ ಹುಳಿ ಪದಾರ್ಥಗಳು. ಹುಳಿ ಲೋಹವನ್ನು ತಿನ್ನುತ್ತದೆ. ಎಲ್ಲ ಲೋಹವನ್ನೂ ಒಂದೇ ಸಮನಾಗಿ ತಿನ್ನುವುದಿಲ್ಲ. ಈ ಒಂದು ಸಂಗತಿ ತಿಳಿದರೆ ಪಾತ್ರೆ ಆರಿಸುವ ಕೆಲಸ ಅರ್ಧ ಮುಗಿದಂತೆ.

ಒಂದೊಂದು ಲೋಹದ ಗುಣ

ಹಿತ್ತಾಳೆ, ತಾಮ್ರ: ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು ಬೆರೆತ ಲೋಹ. ಹಿರಿಯರ ಕಾಲದ ದಪ್ಪ ಹಿತ್ತಾಳೆ ಪಾತ್ರೆ ತಲೆಮಾರುಗಟ್ಟಲೆ ಬಾಳುತ್ತದೆ. ಆದರೆ ಒಳಗೆ ಕಲಾಯಿ ಇದ್ದರೆ ಮಾತ್ರ ಅದು ಅಡಿಗೆಗೆ ಯೋಗ್ಯ. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ತಾಮ್ರ ಕರಗಿ ಅಡಿಗೆಗೆ ಇಳಿಯುತ್ತದೆ. ಕಿಲುಬಿದ ಅಡಿಗೆ ಎನ್ನುವುದು ಇದನ್ನೇ. ಇದರಿಂದ ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು ಬರುತ್ತವೆ. ಕಲಾಯಿಗಾರನು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಅರಳೆಯಿಂದ ಒಳಗೆಲ್ಲ ಸವರುತ್ತಾನೆ. ಶುದ್ಧ ತವರವನ್ನೇ ಹಾಕಬೇಕೆಂದು ಅವನಿಗೆ ಮೊದಲೇ ಹೇಳಿರಿ. ಸೀಸ ಬೆರೆತ ತವರ ಅಗ್ಗವಾದರೂ ಬೇಡ. ತವರವು 232 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕರಗುತ್ತದೆ. ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಇಡಬಾರದು; ಬೂದಿ, ಮರಳು ಹಾಕಿ ಒಳಗೆ ತಿಕ್ಕಬಾರದು. ಒಳಗೆ ಹಳದಿ ಅಥವಾ ಕೆಂಪು ಬಣ್ಣ ಕಂಡಿತೆಂದರೆ ಕಲಾಯಿ ಹೋಯಿತೆಂದು ತಿಳಿಯಿರಿ.

ಅಲ್ಯೂಮಿನಿಯಂ: ನಮ್ಮ ಕಡೆ ಇದನ್ನು ಜರ್ಮನ್ ಪಾತ್ರೆ ಎನ್ನುವುದುಂಟು. ತೂಕದಲ್ಲಿ ಇದು ಸ್ಟೀಲಿನ ಮೂರರಲ್ಲೊಂದು ಪಾಲು. ಬಿಸಿಯನ್ನು ಬೇಗ, ಎಲ್ಲ ಕಡೆಗೂ ಹರಡುತ್ತದೆ, ಬೆಲೆಯೂ ಕಡಿಮೆ. ಅನ್ನಕ್ಕೆ, ನೀರು ಕಾಯಿಸಲಿಕ್ಕೆ, ಬೇಳೆ ಬೇಯಿಸಲಿಕ್ಕೆ ದಪ್ಪ ತಳದ್ದಾದರೆ ನಡೆಯುತ್ತದೆ. ಆದರೆ ಹುಳಿಯೂ ಇದನ್ನು ತಿನ್ನುತ್ತದೆ, ಬೂದಿಯ ಮತ್ತು ಸೋಡದ ಕ್ಷಾರವೂ ತಿನ್ನುತ್ತದೆ. ಹುಳಿಸಾರು, ಉಪ್ಪಿನಕಾಯಿ, ಮಜ್ಜಿಗೆಯನ್ನು ಇದರಲ್ಲಿ ಇಟ್ಟು ರಾತ್ರಿ ಕಳೆಯಬಾರದು. ಒಳಗೆ ಗುಳಿ ಬಿದ್ದ ಹಳೆಯ ಪಾತ್ರೆಯನ್ನು ಅಡಿಗೆಯಿಂದ ತೆಗೆದುಬಿಡಿ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತಿದೆ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಗುರುತಿಲ್ಲದ ಪಾತ್ರೆಯಲ್ಲಿ ಸೀಸ ಇರಬಹುದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಅಡಿಗೆಗೆ ಸೀಸ ಇಳಿಯಬಹುದೆಂದು ಎಚ್ಚರಿಸಿತು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ; ಇಷ್ಟು ಸೀಸದಿಂದ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಹಾಗಾಗಿ ಹೆಸರಿಲ್ಲದ ಎರಕದ ಪಾತ್ರೆಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬೇಡಿ.

ಕಬ್ಬಿಣ: ರೊಟ್ಟಿಯ ಹಂಚಿಗೆ, ಒಗ್ಗರಣೆಯ ಕಡಾಯಿಗೆ ಕಬ್ಬಿಣದಷ್ಟು ಒಳ್ಳೆಯದು ಬೇರೆ ಇಲ್ಲ. ದಪ್ಪ ಹಂಚು ಬಿಸಿ ಹಿಡಿದುಕೊಳ್ಳುತ್ತದೆ, ರೊಟ್ಟಿ ಸಮವಾಗಿ ಬೇಯುತ್ತದೆ. ಕಬ್ಬಿಣದ ಕಡಾಯಿಯ ಅಡಿಗೆಗೆ ಸ್ವಲ್ಪ ಕಬ್ಬಿಣದ ಅಂಶ ಸೇರುತ್ತದೆ. ಇದು ಅಪಾಯವಲ್ಲ, ಉಪಕಾರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಕಡಾಯಿಯಿಂದಲೇ ರಕ್ತಹೀನತೆ ಹೋಗುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆ ಬಿಡಬಾರದು. ಆದರೂ ಸೊಪ್ಪಿನ ಪಲ್ಯಕ್ಕೆ ಕಬ್ಬಿಣದ ಕಡಾಯಿ ಬಳಸುವುದು ಒಳ್ಳೆಯ ರೂಢಿ. ಹುಳಿ ಹಾಕಿದರೆ ಪಲ್ಯ ಕಪ್ಪಾಗುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ.

ಸ್ಟೀಲ್: 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ. ಇದರ ಮೈಮೇಲೆ ತಾನಾಗಿ ಕಟ್ಟುವ ಕಣ್ಣಿಗೆ ಕಾಣದ ಪೊರೆಯು ಹುಳಿಯನ್ನು ತಡೆಯುತ್ತದೆ. ಹುಳಿಸಾರು, ಪುಂಡಿಪಲ್ಯ, ಮಜ್ಜಿಗೆಗೆ ಸ್ಟೀಲೇ ತಕ್ಕದ್ದು. ಕಲಾಯಿ ಬೇಡ, ತಿಕ್ಕಲು ಸುಲಭ. ಇದಕ್ಕಿರುವ ದೋಷ ಒಂದೇ: ಬಿಸಿಯನ್ನು ಬೇಗ ಹರಡುವುದಿಲ್ಲ. ಉರಿ ತಾಗಿದ ಕಡೆಯೇ ಕಾಯುತ್ತದೆ, ತೆಳ್ಳಗಿದ್ದರೆ ತಳ ಹತ್ತುತ್ತದೆ. ಅದಕ್ಕೇ ಸ್ಟೀಲ್ ಕೊಳ್ಳುವುದಾದರೆ ದಪ್ಪ ತಳದ್ದನ್ನೇ ಕೊಳ್ಳಬೇಕು. ಉಪ್ಪನ್ನು ನೀರು ಕುದಿ ಬಂದ ಮೇಲೆ ಹಾಕಿ. ತಣ್ಣೀರಿನಲ್ಲಿ ಹಾಕಿದರೆ ತಳದಲ್ಲಿ ಕೂತು ಸಣ್ಣ ಗುಳಿ ಮಾಡುತ್ತದೆ.

ಮಣ್ಣಿನ ಗಡಿಗೆ: ಮೊಸರಿಗೆ, ಕುಡಿಯುವ ನೀರಿಗೆ ಊರ ಕುಂಬಾರನ ಗಡಿಗೆ ಇಂದಿಗೂ ಯೋಗ್ಯ. ಬಣ್ಣದ ಗಾಜಿನಂಥ ಹೊಳಪು ಕೊಟ್ಟ ಮಡಿಕೆಯಲ್ಲಿ ಮಾತ್ರ ಅಡಿಗೆ ಬೇಡ. ಆ ಹೊಳಪಿನಲ್ಲಿ ಸೀಸ ಇರುವುದುಂಟು.

ಅಂಟದ ತವಾ: ಇದರ ಲೇಪವು ಸುಮಾರು 260 ಡಿಗ್ರಿ ಮೀರಿದರೆ ಕೆಡಲು ತೊಡಗುತ್ತದೆ. ರೊಟ್ಟಿಯ ಉರಿಗೂ ಬೂದಿಯ ತಿಕ್ಕಿಗೂ ಇದು ತಾಳುವುದಿಲ್ಲ. ಕಟ್ಟಿಗೆ ಒಲೆಯ ಮನೆಗೆ ಇದು ತಕ್ಕುದಲ್ಲ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

1. ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಬಾಗಿದರೆ ಆ ಪಾತ್ರೆ ತಳ ಹತ್ತುವುದು ಖಂಡಿತ.

2. ಸಮ ನೆಲದ ಮೇಲೆ ಇಡಿ. ಅಲುಗಾಡಬಾರದು.

3. ಕೈಯನ್ನು ಒಳಗೆ ಹಾಕಿ ಮೂಲೆ ಮುಟ್ಟಿ ನೋಡಿ. ಮೂಲೆ ದುಂಡಗಿರಬೇಕು, ಬೆರಳು ಸಲೀಸಾಗಿ ಮುಟ್ಟಬೇಕು. ಕೈ ಹೋಗದ ಕಡೆ ಕೊಳೆ ಉಳಿಯುತ್ತದೆ.

4. ಹಿಡಿ ಹಾಗೂ ಅಂಚು ನೋಡಿ. ಮೊಳೆ ಬಡಿದ ಸಂದಿನಲ್ಲಿ, ಸುರುಳಿ ಸುತ್ತಿದ ಅಂಚಿನಲ್ಲಿ ಜಿಡ್ಡು ನಿಲ್ಲುತ್ತದೆ. ನಯವಾಗಿ ಕೂಡಿಸಿದ್ದು ಮೇಲು.

5. ತುಂಬಿದ ಮೇಲಿನ ಭಾರ ನೆನೆಯಿರಿ. 5 ಲೀಟರ್ ನೀರೇ 5 ಕಿಲೋ ತೂಗುತ್ತದೆ. ಕುದಿಯುವ ಪಾತ್ರೆಯನ್ನು ಇಳಿಸುವವರಿಗೆ ಅದು ಹಗುರವಾಗಿ ಬರಬೇಕು.

6. ಐಎಸ್‌ಐ ಗುರುತು ಕೇಳಿರಿ. ಸ್ಟೀಲ್ ಹಾಗೂ ಅಲ್ಯೂಮಿನಿಯಂ ಪಾತ್ರೆಗಳಿಗೆ ಈ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿತು. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಸಾಚಾ ಹೌದೋ ಅಲ್ಲವೋ ನೋಡಬಹುದು.

ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ಕೆಲವರು ತೋರಿಸುತ್ತಾರೆ. ಇದೊಂದೇ ಸಾಲದು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. 304 ಅಥವಾ 18/8 ಎಂಬ ಗುರುತಿದ್ದರೆ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇದೆಯೆಂದು ಅರ್ಥ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಬೆಲೆಯ ಲೆಕ್ಕ

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ತೆಳ್ಳನೆಯ ಬೋಗುಣಿಗೆ 300 ರೂಪಾಯಿ; ಎರಡು ವರ್ಷಕ್ಕೆ ತಳ ಬಾಗಿ ಕೆಟ್ಟಿತು. ದಪ್ಪ ತಳದ ಬೋಗುಣಿಗೆ 900 ರೂಪಾಯಿ. ಹದಿನೈದು ವರ್ಷ ಬಾಳಿತು. ಮೊದಲನೆಯದಕ್ಕೆ ವರ್ಷಕ್ಕೆ 150 ರೂಪಾಯಿ ಬಿದ್ದರೆ ಎರಡನೆಯದಕ್ಕೆ 60 ರೂಪಾಯಿ ಮಾತ್ರ. ಹತ್ತಿಹೋದ ಅಡಿಗೆ, ಹೆಚ್ಚಿನ ಕಟ್ಟಿಗೆ, ತಿಕ್ಕುವ ಹೊತ್ತು, ಹೊತ್ತು ತಂದ ನೀರು ಇವು ಈ ಲೆಕ್ಕದಲ್ಲಿ ಸೇರಿಲ್ಲ.

ಬೇಳೆ ಮತ್ತು ಕುಕ್ಕರ್

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಂಥ ಬೇಳೆಯನ್ನು ಕಟ್ಟಿಗೆ ಹೆಚ್ಚು ಸುಡದೆ ಬೇಯಿಸಲು ಪ್ರೆಷರ್ ಕುಕ್ಕರ್ ನೆರವಾಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿದರೆ ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಬೇಳೆ ನೊರೆಯೇಳುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಸಿಳ್ಳೆಯ ರಂಧ್ರವನ್ನು ಪ್ರತಿಸಲ ಬೆಳಕಿಗೆ ಹಿಡಿದು ನೋಡಬೇಕು. ಹುಣಸೆಹುಳಿಯನ್ನು ಕುಕ್ಕರಿನಲ್ಲಿ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಅಲ್ಯೂಮಿನಿಯಮ್ಮೂ ಸವೆಯುತ್ತದೆ. ಬೇಳೆ ಬೆಂದ ಮೇಲೆ ಸ್ಟೀಲ್ ಬೋಗುಣಿಗೆ ಸುರಿದು ಅಲ್ಲಿ ಹುಳಿ, ಒಗ್ಗರಣೆ ಹಾಕಿರಿ.

ಕಡಿಮೆ ನೀರಿನಲ್ಲಿ ತೊಳೆಯುವ ಕ್ರಮ

ಕಟ್ಟಿಗೆ ಒಲೆಯ ಮೇಲೆ ಇಡುವ ಮೊದಲು ಪಾತ್ರೆಯ ಹೊರಮೈಗೆ ಮಣ್ಣನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಬಳಿಯಿರಿ. ಮಸಿ ಮಣ್ಣಿಗೆ ಹಿಡಿಯುತ್ತದೆ, ಪಾತ್ರೆಗೆ ಹಿಡಿಯುವುದಿಲ್ಲ. ಇದು ನಮ್ಮ ಅಜ್ಜಿಯರ ಉಪಾಯ. ಇಂದಿಗೂ ಇದಕ್ಕಿಂತ ಅಗ್ಗದ್ದಿಲ್ಲ.

ಪಾತ್ರೆ ಬರಿದಾದ ಕೂಡಲೇ ಸ್ವಲ್ಪ ನೀರು ಹಾಕಿ ನೆನೆಯಿಡಿ. ಅಂಬಲಿ, ಗಂಜಿ ಒಣಗಿದ ಮೇಲೆ ತಿಕ್ಕುವುದು ದುಪ್ಪಟ್ಟು ಕೆಲಸ. ಕಾದ ಹಂಚಿನ ಮೇಲೆ ತಣ್ಣೀರು ಸುರಿಯಬಾರದು. ಎರಕದ ಹಂಚಾದರೆ ಬಿರಿಯುತ್ತದೆ. ಸ್ಟೀಲ್ ಪಾತ್ರೆಯ ತಳ ಹತ್ತಿದರೆ ನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ ಕುದಿಸಿ, ಆರಿದ ಮೇಲೆ ಮರದ ಚಮಚದಿಂದ ಬಿಡಿಸಿ. ಸವಳು ನೀರಿನಿಂದ ಕಟ್ಟಿದ ಬಿಳಿ ಪದರಕ್ಕೆ ಹುಣಸೆಹಣ್ಣಿನ ಹಿಪ್ಪೆ ಸಾಕು. ಸಾಣಿಸಿದ ಬೂದಿಯಿಂದ ಸ್ಟೀಲ್, ಕಬ್ಬಿಣ ತಿಕ್ಕಬಹುದು, ಅಲ್ಯೂಮಿನಿಯಂ ತಿಕ್ಕಬಾರದು. ಹಂಚು, ಕಡಾಯಿ ತೊಳೆದ ಮೇಲೆ ಒಲೆಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿಟ್ಟರೆ ತುಕ್ಕು ಹಿಡಿಯದು. ಉಳಿದ ಪಾತ್ರೆಗಳನ್ನು ಬಿಸಿಲಿಗೆ ಬೋರಲು ಹಾಕಿ.

ಹೊಸ ಸಂಸಾರಕ್ಕೆ ಎಷ್ಟು ಪಾತ್ರೆ ಬೇಕು?

ಮದುವೆಯಲ್ಲಿ ಅಟ್ಟ ತುಂಬುವಷ್ಟು ತೆಳ್ಳನೆಯ ಪಾತ್ರೆ ಕೊಡುವುದಕ್ಕಿಂತ ನಿತ್ಯ ಒಲೆಗೇರುವ ಐದು ಒಳ್ಳೆಯ ಪಾತ್ರೆ ಕೊಡುವುದು ಲೇಸು: ಒಂದು ದಪ್ಪ ಕಬ್ಬಿಣದ ಹಂಚು, ಒಂದು ಕಬ್ಬಿಣದ ಕಡಾಯಿ, ದಪ್ಪ ತಳದ ಎರಡು ಸ್ಟೀಲ್ ಬೋಗುಣಿ, ಐಎಸ್‌ಐ ಗುರುತಿನ ಒಂದು ಕುಕ್ಕರ್. ಮನೆಯಲ್ಲಿರುವ ಹಿತ್ತಾಳೆ ಪಾತ್ರೆಯನ್ನು ಮಾರಬೇಕಾಗಿಲ್ಲ. ಕಲಾಯಿ ಮಾಡಿಸಿ ಬಳಸಿರಿ, ಇಲ್ಲವೆ ಕಾಳು ತುಂಬಿಡಲು ಇಟ್ಟುಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. ಪಾತ್ರೆ ಕೊಳ್ಳಲು ಸಂತೆಗೆ ಹೊರಟಾಗ ಅದನ್ನು ತಿಕ್ಕುವವರನ್ನೂ ಜೊತೆಗೆ ಕರೆದೊಯ್ಯಿರಿ. ಪಾತ್ರೆಯೊಳಗೆ ಕೈ ಹಾಕಿ ನೋಡುವವರು ಅವರಾಗಲಿ. ಹಣ ಎಣಿಸುವ ಕೆಲಸ ನಿಮ್ಮದಿರಲಿ.

ಸಂಘದಲ್ಲಿ ಚರ್ಚಿಸಿರಿ

1. ನಿಮ್ಮ ಮನೆಯಲ್ಲಿ ಹುಳಿ ಅಡಿಗೆಗೆ ಯಾವ ಪಾತ್ರೆ ಬಳಸುತ್ತೀರಿ? ಅದರ ಒಳಮೈ ಹೇಗಿದೆ?

2. ಊರಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಒಂದೇ ದಿನ ಕೂಡಿಸಿ ಕಲಾಯಿಗಾರನನ್ನು ಕರೆಸಿದರೆ ಖರ್ಚು ಎಷ್ಟು ಉಳಿಯುತ್ತದೆ?

3. ಒಂದು ದಿನದ ಪಾತ್ರೆ ತೊಳೆಯಲು ಎಷ್ಟು ಕೊಡ ನೀರು ಬೇಕಾಗುತ್ತದೆ? ಒಂದು ವಾರ ಎಣಿಸಿ ನೋಡಿ.